ಪ್ರಜ್ಞೆಯ ಸ್ಕೋರ್ ಕಾರ್ಡ್

1998ರಲ್ಲಿ ಜರ್ಮನಿಯ ಬ್ರೆಮೆನ್‌ನಲ್ಲಿ ಒಂದು ಬಾಜಿ ನಡೆಯಿತು. ಮಿದುಳಿನ ಯಾವ ಚಟುವಟಿಕೆ ಪ್ರಜ್ಞೆಯ ಗುರುತು ಅನ್ನೋದು 25 ವರ್ಷದೊಳಗೆ ಸ್ಪಷ್ಟವಾಗುತ್ತೆ ಅಂದವರು ನರವಿಜ್ಞಾನಿ ಕ್ರಿಸ್ಟಾಫ್ ಕೋಖ್. ಆಗಲ್ಲ ಅಂದವರು ತತ್ವಶಾಸ್ತ್ರಜ್ಞ ಡೇವಿಡ್ ಚಾಲ್ಮರ್ಸ್. 2023ರಲ್ಲಿ ನ್ಯೂಯಾರ್ಕ್‌ನ ಸಮ್ಮೇಳನದಲ್ಲಿ ಕೋಖ್ ಸೋಲೊಪ್ಪಿಕೊಂಡು ವೈನ್ ಕೊಟ್ಟರು. ‘ನೇಚರ್’ ಪತ್ರಿಕೆ ತಲೆಬರಹದಲ್ಲೇ 1–0 ಅಂತ ಸ್ಕೋರ್ ಹಾಕಿತು.

ನನ್ನ ತಕರಾರು ಈ ಸ್ಕೋರಿನ ಬಗ್ಗೆ.

ನೋವಾದಾಗ ಮಿದುಳಿನ ಯಾವ ಭಾಗ ಚುರುಕಾಗುತ್ತೆ ಅಂತ ಸ್ಕ್ಯಾನರ್ ತೋರಿಸುತ್ತೆ. ಆ ಚುರುಕು ‘ನೋವು’ ಅಂತ ಅನುಭವಕ್ಕೆ ಬರೋದು ಯಾಕೆ ಅಂತ ತೋರಿಸಲ್ಲ. ಚಾಲ್ಮರ್ಸ್ ‘ಕಠಿಣ ಸಮಸ್ಯೆ’ ಅಂದಿದ್ದು ಇದನ್ನೇ. ಆದರೆ ಬಾಜಿ ಇದ್ದದ್ದು ಅದರ ಮೇಲಲ್ಲ, ಅದಕ್ಕಿಂತ ಸುಲಭದ ಪ್ರಶ್ನೆಯ ಮೇಲೆ. ಅದರಲ್ಲಿ ಸೋತದ್ದನ್ನು ಹಿಡಿದುಕೊಂಡು ‘ವಿಜ್ಞಾನಕ್ಕೆ ಇದೆಲ್ಲ ಆಗದ ಕೆಲಸ’ ಅಂತ ಷರಾ ಬರೆಯೋದು ಸೋಮಾರಿತನ.

ಅದೇ ಸಮ್ಮೇಳನದಲ್ಲಿ ಇನ್ನೊಂದು ಸಂಗತಿ ನಡೆಯಿತು. ಎರಡು ಎದುರಾಳಿ ಸಿದ್ಧಾಂತಗಳವರು, ಯಾವ ಫಲಿತಾಂಶ ಬಂದರೆ ತಮಗೆ ಹಿನ್ನಡೆ ಅಂತ ಮೊದಲೇ ಬರೆದಿಟ್ಟು ಮಾಡಿಸಿದ ಪ್ರಯೋಗದ ಫಲಿತಾಂಶ ಬಂತು. ಎರಡಕ್ಕೂ ಪೆಟ್ಟು ಬಿತ್ತು. ವಿಜ್ಞಾನ ಮುಂದೆ ಹೋಗೋದು ಹೀಗೇ ಅಲ್ವಾ?

‘ಪ್ರಜ್ಞೆ ಇಲ್ಲ’ ಅನ್ನೋ ಮಾತು ನಮ್ಮ ಕಿವಿಗೆ ಬೀಳೋದು ಹೆಚ್ಚಾಗಿ ಐಸಿಯು ಬಾಗಿಲಲ್ಲಿ. 2006ರಲ್ಲಿ ಏಡ್ರಿಯನ್ ಓವನ್ ತಂಡ, ಅಪಘಾತದ ನಂತರ ಯಾವ ಪ್ರತಿಕ್ರಿಯೆಯೂ ಇಲ್ಲದೆ ಮಲಗಿದ್ದ 23ರ ಯುವತಿಗೆ ಟೆನಿಸ್ ಆಡೋದನ್ನು ಕಲ್ಪಿಸಿಕೊಳ್ಳಲು ಹೇಳಿತು. ಆರೋಗ್ಯವಂತರ ಮಿದುಳಿನಲ್ಲಿ ಆಗುವಂತೆಯೇ ಅವಳ ಮಿದುಳಿನಲ್ಲೂ ಆಯಿತು! 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಮೈಯಲ್ಲಿ ಸ್ಪಂದಿಸದ 241 ಜನರಲ್ಲಿ 60 ಮಂದಿಯ ಮಿದುಳು ಸ್ಪಂದಿಸಿತು.

ಉಳಿದ 181? ಅವರಿಗೆ ಪ್ರಜ್ಞೆ ಇಲ್ಲ ಅನ್ನೋಕಾಗಲ್ಲ. ಈ ಪರೀಕ್ಷೆ ಹಿಡಿಯೋದು ಹೇಳಿದ್ದನ್ನು ಅರ್ಥ ಮಾಡಿಕೊಳ್ಳಬಲ್ಲವರನ್ನು ಮಾತ್ರ. ಮಾತು ಅರ್ಥವಾಗದವರಿಗೂ ನೋವು ಆಗಬಹುದು. ಅವರ ಬಗ್ಗೆ ಹೇಳೋಕೆ ಒಳ್ಳೆಯ ಸಿದ್ಧಾಂತ ಬೇಕು. ಆದರೆ ಪ್ರಜ್ಞೆಗೆ ಮಿದುಳಿನ ಮುಂಭಾಗ ಮುಖ್ಯವೋ ಹಿಂಭಾಗವೋ ಅನ್ನೋದರಲ್ಲೇ ಸಿದ್ಧಾಂತಗಳಿಗೆ ಜಗಳ. ಅದು ಬರೀ ಪಂಡಿತರ ಜಗಳ ಅಲ್ಲ. ಮುಂಭಾಗಕ್ಕೆ ಪೆಟ್ಟು ಬಿದ್ದ ರೋಗಿಯ ಬಗ್ಗೆ ಮನೆಯವರಿಗೆ ಏನು ಹೇಳಬೇಕು ಅನ್ನೋದೂ ಅದರಲ್ಲೇ ಇದೆ.

ಕೋಖ್ ಇನ್ನೂ 25 ವರ್ಷಕ್ಕೆ ಹೊಸ ಬಾಜಿ ಕಟ್ಟಿದ್ದಾರೆ. 2048ರಲ್ಲಿ ವೈನ್ ಯಾರ ಪಾಲಾಯಿತು ಅಂತ ಕೇಳೋದು ಬೇಡ. ಅಂಥ 181 ಮಂದಿಯಲ್ಲಿ ಎಷ್ಟು ಜನರ ಬಗ್ಗೆ ಖಚಿತವಾಗಿ ಹೇಳೋಕೆ ಕಲಿತೆವು ಅಂತ ಕೇಳೋಣ.