ಪಾರ್ತಿಸುಬ್ಬ ಎಲ್ಲಿಯವನು?

ಕುಂಬ್ಡಾಜೆಯಿಂದ ಬದಿಯಡ್ಕಕ್ಕೆ ಬಂದು ಪಡುವಣ ಹಾದಿ ಹಿಡಿದರೆ ಕುಂಬಳೆ. ಅಲ್ಲಿಯ ಕಣಿಪುರ ಗೋಪಾಲಕೃಷ್ಣನ ಸನ್ನಿಧಿಯೊಡನೆ ಪಾರ್ತಿಸುಬ್ಬನ ಹೆಸರು ಬೆಸೆದುಕೊಂಡಿದೆ. ಗಡಿನಾಡಿನ ನಮ್ಮ ಸಾಹಿತ್ಯ ಸಭೆಗಳಲ್ಲಿ ಈ ಹೆಸರನ್ನು ಸ್ಮರಿಸದೆ ಸ್ವಾಗತ ಭಾಷಣವೇ ಮುಗಿಯುವುದಿಲ್ಲ. 'ಯಕ್ಷಗಾನದ ಪಿತಾಮಹ'ನೆಂಬ ಬಿರುದನ್ನೂ ಜೊತೆಗೆ ಸೇರಿಸುವುದು ರೂಢಿ. ಸ್ಮರಣೆ ಸಲ್ಲತಕ್ಕದ್ದೇ. ಆದರೆ ಈ ಕವಿಯ ಊರು, ಕಾಲ, ಕೃತಿ ಈ ಮೂರೂ ವಿದ್ವಾಂಸರೊಳಗೆ ವಾದಗ್ರಸ್ತವಾಗಿ ಉಳಿದಿವೆ ಎಂಬುದನ್ನು ನಾವು ವೇದಿಕೆಯ ಮೇಲೆ ಹೇಳುವುದು ಕಡಮೆ.

ಐತಿಹ್ಯವಂತೂ ಸೊಗಸಾಗಿದೆ. 'ಪಾರ್ತಿ' ಎಂದರೆ ಪಾರ್ವತಿ. ಅವಳು ತಾಯಿಯೆಂದು ಕೆಲವರು, ಪ್ರೇಯಸಿಯೆಂದು ಕೆಲವರು. ಸುಬ್ಬನು ಮಲೆಯಾಳ ದೇಶದಲ್ಲಿ ಸಂಚರಿಸಿ, ಅಲ್ಲಿಯ ಕಥಕಳಿಯನ್ನು ಕಂಡು, ಊರಿಗೆ ಮರಳಿ ರಾಮಾಯಣದ ಪ್ರಸಂಗಗಳನ್ನು ರಚಿಸಿ ಆಟಕ್ಕೆ ಹೊಸ ರೂಪ ಕೊಟ್ಟನೆಂಬುದು ಕಥೆಯ ತಿರುಳು. ಮುಳಿಯ ತಿಮ್ಮಪ್ಪಯ್ಯನವರು 1940ರ ದಶಕದಲ್ಲಿ 'ಪಾರ್ತಿಸುಬ್ಬ' ಎಂಬ ಗ್ರಂಥವನ್ನೇ ಬರೆದು ಬಾಯಿಮಾತಿನಲ್ಲಿದ್ದ ಕವಿಯನ್ನು ಸಾಹಿತ್ಯ ಚರಿತ್ರೆಯ ಪಂಕ್ತಿಗೆ ತಂದರು. 'ನಾಡೋಜ ಪಂಪ'ವನ್ನು ಬರೆದ ಕೈಯಿಂದಲೇ ಇದೂ ಬಂದುದು ಸಾಮಾನ್ಯ ಸಂಗತಿಯಲ್ಲ. ಬಯಲಾಟದ ಪದಗಳನ್ನು ಪಂಡಿತರು ಕಾವ್ಯವೆಂದು ಎಣಿಸದಿದ್ದ ದಿನಗಳವು.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು. ಆ ದಶಕ ಮುಗಿಯುವ ಮೊದಲೇ ಶಿವರಾಮ ಕಾರಂತರ 'ಯಕ್ಷಗಾನ ಬಯಲಾಟ' ಹೊರಬಂದಿತು. 1959ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಅದಕ್ಕೆ ಸಂದಿತು. ಕಾರಂತರು ಊರೂರು ಅಲೆದು ತಾಳೆಗರಿಗಳನ್ನು ಶೋಧಿಸಿ, ಪಾರ್ತಿಸುಬ್ಬನವೆಂದು ನಾವು ನಂಬಿದ ರಾಮಾಯಣ ಪ್ರಸಂಗಗಳು ಅವನವಲ್ಲ, ಅಜಪುರದ, ಎಂದರೆ ಬ್ರಹ್ಮಾವರದ ಕಡೆಯ ಸುಬ್ಬನವು ಎಂಬ ಪಕ್ಷವನ್ನು ಹಿಡಿದರು. ಅದೇ ಅಜಪುರದ ವಿಷ್ಣುಕವಿಯ 'ವಿರಾಟಪರ್ವ' 16ನೆಯ ಶತಮಾನದ್ದೆಂದು ಗಣಿತವಾದುದರಿಂದ 'ಪಿತಾಮಹ'ನ ಪಟ್ಟವೂ ಅಲುಗಾಡಿತು. ನೆಲವನ್ನು ಕಳೆದುಕೊಂಡ ನೋವು ಹಸಿಯಾಗಿದ್ದಾಗಲೇ ಕವಿಯನ್ನೂ ಕಳೆದುಕೊಳ್ಳುವ ಪ್ರಸಂಗ. ಇಲ್ಲಿಯವರಿಗೆ ಕಾರಂತರ ಮಾತು ಕಹಿಯಾದುದು ಸಹಜ. ಆದರೆ ಕಹಿಯಾದ ಮಾತ್ರಕ್ಕೆ ಸುಳ್ಳಾಗಲಾರದಷ್ಟೆ.

ಈ ವಾದದ ಕೀಲು ಇರುವುದು ಅಂಕಿತದಲ್ಲಿ. ಕಣ್ವಪುರದ ಕೃಷ್ಣನನ್ನು ಸ್ತುತಿಸುವ ಪದವಿದ್ದರೆ ಕೃತಿ ಕುಂಬಳೆಯದೆಂದೂ, ಅಜಪುರದ ದೇವರ ಹೆಸರಿದ್ದರೆ ಬ್ರಹ್ಮಾವರದ್ದೆಂದೂ ಎರಡು ಪಕ್ಷದವರೂ ತರ್ಕಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಅಂಕಿತದ ಮೇಲೆ ಇಷ್ಟು ಭಾರ ಹೊರಿಸುವುದು ಯುಕ್ತವಲ್ಲ. ಪ್ರಸಂಗದ ಪ್ರತಿ ಭಾಗವತನಿಂದ ಭಾಗವತನಿಗೆ, ಮೇಳದಿಂದ ಮೇಳಕ್ಕೆ ಸಾಗುವಂಥದು. ತನ್ನ ಮೇಳದ ದೇವರ ಹೆಸರನ್ನು ಮಾತ್ರೆ ಕೆಡದಂತೆ ಕೂಡಿಸುವುದು ನುರಿತ ಭಾಗವತನಿಗೆ ಕಷ್ಟದ ಕೆಲಸವೇ? ಅವನು ಅದನ್ನು ಮೋಸವೆಂದು ಎಣಿಸುತ್ತಲೂ ಇರಲಿಲ್ಲ, ಭಕ್ತಿಯೆಂದು ತಿಳಿಯುತ್ತಿದ್ದನು. ಇನ್ನು ಬೇಕೆಂದೇ ಹೆಸರು ಮರೆಸಿದವರೂ ನಮ್ಮ ಕರಾವಳಿಯಲ್ಲಿದ್ದಾರೆ. ನಂದಳಿಕೆಯ ಲಕ್ಷ್ಮೀನಾರಣಪ್ಪನು (1870–1901) ತಾನೇ ರಚಿಸಿದ 'ಅದ್ಭುತ ರಾಮಾಯಣ'ವನ್ನೂ 'ರಾಮಾಶ್ವಮೇಧ'ವನ್ನೂ ಹಳೆಯ ಕವಿ ಮುದ್ದಣನವೆಂದು ಹೇಳಿ ಮೈಸೂರಿಗೆ ಕಳುಹಿಸಿದನು. ಹಳಗನ್ನಡ ಬಲ್ಲ ಸಂಪಾದಕರೇ ಒಪ್ಪಿ ಅಚ್ಚು ಹಾಕಿದರು. ಅಂಥವನು 'ಕುಮಾರವಿಜಯ', 'ರತ್ನಾವತಿ ಕಲ್ಯಾಣ'ಗಳೆಂಬ ಯಕ್ಷಗಾನಗಳ ಕರ್ತೃವೂ ಹೌದೆಂಬುದನ್ನು ನಮ್ಮ ತಾಳಮದ್ದಳೆಯ ರಸಿಕರು ಬಲ್ಲರು. ಹೆಸರನ್ನು ನೆಚ್ಚಿ ಕಾಲವನ್ನೂ ಊರನ್ನೂ ನಿರ್ಣಯಿಸುವ ವಿಮರ್ಶೆಗೆ ಅವನೊಬ್ಬನ ಉದಾಹರಣೆ ಸಾಕು.

ಆದುದರಿಂದ ಕೃತಿಯ ಒಳಗನ್ನು ನೋಡಬೇಕು. 'ಪಂಚವಟಿ', 'ವಾಲಿಸಂಹಾರ', 'ಉಂಗುರ ಸಂಧಿ'ಗಳಲ್ಲಿ ಕಥೆಯ ಮೇಲೆ ತೊರವೆ ರಾಮಾಯಣದ ನೆರಳು ದಟ್ಟವಾಗಿದೆ. ಆದರೆ ನಿರೂಪಣೆಯ ಬಗೆ ಷಟ್ಪದಿ ಕಾವ್ಯದ್ದಲ್ಲ. ವಾಲಿಯು ಬಾಣ ತಾಕಿ ಬಿದ್ದು ರಾಮನನ್ನು ಪ್ರಶ್ನಿಸುವ ಸಂದರ್ಭವನ್ನೇ ನೋಡಿ: ಕವಿ ಪದವನ್ನು ಮೊಟಕಾಗಿ ಇಟ್ಟು ಉಳಿದುದನ್ನು ಅರ್ಥಧಾರಿಗೆ ಬಿಟ್ಟಿದ್ದಾನೆ. ಒಂದೇ ಪದವನ್ನು ಹಿಡಿದು ಸಮರ್ಥ ಅರ್ಥಧಾರಿ ಬಹು ಹೊತ್ತು ಮಾತಾಡಬಲ್ಲನು. ಅಲ್ಲಿ ಕವಿ ಅಡ್ಡ ಬರುವುದೇ ಇಲ್ಲ. ರಂಗವನ್ನು ಹತ್ತಿರದಿಂದ ಕಂಡವನಿಗಲ್ಲದೆ ಈ ಸಂಯಮ ಬಾರದು.

ಆ ರಂಗ ಯಾವುದು? 1970ರ ದಶಕದಲ್ಲಿ 'ಪಾರ್ತಿಸುಬ್ಬನ ಯಕ್ಷಗಾನಗಳು' ಸಂಪುಟವನ್ನು ಸಂಪಾದಿಸಿದ ಕುಕ್ಕಿಲ ಕೃಷ್ಣ ಭಟ್ಟರು ನಮ್ಮನ್ನು ಕೊಟ್ಟಾರಕ್ಕರ ತಂಪುರಾನನ ಕಡೆಗೆ ಕರೆದೊಯ್ಯುತ್ತಾರೆ. ಕಥಕಳಿಯ ಮೂಲವೆಂದು ಪ್ರಸಿದ್ಧವಾದ ಅವನ 'ರಾಮನಾಟ್ಟಂ' ರಾಮಕಥೆಯನ್ನು ಎಂಟು ಆಟಗಳಾಗಿ ಭಾಗಿಸುತ್ತದೆ. ಮೊದಲನೆಯದು 'ಪುತ್ರಕಾಮೇಷ್ಟಿ', ಕೊನೆಯದಕ್ಕಿಂತ ಮುಂಚಿನದು 'ಸೇತುಬಂಧನ'. ನಮ್ಮ ಪ್ರಸಂಗಗಳ ಪಟ್ಟಿಯಲ್ಲೂ ಅವೇ ಹೆಸರುಗಳಿವೆ. ಸಾದೃಶ್ಯವು ಹೆಸರಿನಲ್ಲೇ ನಿಲ್ಲದೆ ಪದಗಳ ಒಳಕ್ಕೂ ಇಳಿಯುತ್ತದೆ ಎಂಬುದು ಕುಕ್ಕಿಲರ ನಿಲುವು.

ಇಲ್ಲೊಂದು ಸ್ವಾರಸ್ಯವಿದೆ, ನಮ್ಮ ಸಭೆಗಳು ಅದನ್ನು ಗಮನಿಸಿದಂತೆ ಕಾಣುವುದಿಲ್ಲ. ಕಾರಂತರ ಪಕ್ಷಕ್ಕೆ ಎದುರಾಗಿ ಕವಿಯನ್ನು ಕುಂಬಳೆಗೆ ಮರಳಿ ತರಬಲ್ಲ ಪ್ರಬಲ ಆಧಾರವೆಂದರೆ ಮಲೆಯಾಳದ ಈ ಋಣವೇ. ಬ್ರಹ್ಮಾವರದ ಕವಿಗೆ ರಾಮನಾಟ್ಟದ ಪದಗಳು ದೂರದವು. ಕನ್ನಡ, ತುಳು, ಮಲೆಯಾಳಗಳು ಒಂದೇ ಅಂಗಳದಲ್ಲಿ ಕಲೆಯುವ ಕುಂಬಳೆ ಸೀಮೆಯವನಿಗೆ ಕೈಯಳತೆಯವು. ಆದರೆ ಭಾಷೆಗಾಗಿ ಹೋರಾಡುತ್ತ ಬಂದ ನಾವು ಪಾರ್ತಿಸುಬ್ಬನನ್ನು ಅಚ್ಚಗನ್ನಡದ ಸಾಕ್ಷಿಯಾಗಿ ನಿಲ್ಲಿಸಿದ್ದೇವೆ. ಅವನು ಮಲೆಯಾಳದಿಂದ ಪಡೆದುದನ್ನು ಐತಿಹ್ಯದ ಒಂದು ಪ್ರವಾಸವಾಗಿ ಸಣ್ಣದು ಮಾಡಿದ್ದೇವೆ. ಋಣವನ್ನು ಒಪ್ಪದೆ ಊರನ್ನು ಮಾತ್ರ ಕೇಳಿದರೆ ವಾದ ನಿಲ್ಲದು. ಋಣವನ್ನು ಒಪ್ಪಿದರೆ ಕವಿಯ ಕನ್ನಡತನಕ್ಕೇನೂ ಕುಂದಿಲ್ಲ: ಕಥಕಳಿಯಲ್ಲಿ ಮುದ್ರೆಗೆ ಬಿಟ್ಟ ಜಾಗದಲ್ಲಿ ಇವನು ಮಾತನ್ನು ಕೂರಿಸಿದನು. ಆ ಮಾತೇ ತೆಂಕುತಿಟ್ಟಿನ ಜೀವವಾಗಿ ಬೆಳೆದಿದೆ.

ಈ ಕಾರಣದಿಂದ ಕುಂಬಳೆಯ ಪಕ್ಷವೇ ನಮಗೆ ಹೆಚ್ಚು ಸಂಭಾವ್ಯವಾಗಿ ತೋರುತ್ತದೆ. ಇದಕ್ಕೆ ಎದುರಾಗಿ ರಾಮನಾಟ್ಟಕ್ಕಿಂತ ಹಳೆಯ ಪ್ರತಿಯೊಂದು ಬಡಗಿನ ಸೀಮೆಯಲ್ಲಿ ದೊರೆತರೆ ಆ ದಿನವೇ ತಕ್ಕಡಿ ಆ ಕಡೆಗೆ ತೂಗುತ್ತದೆ, ಆಗ ಮುನಿಯಲಾಗದು. ಸದ್ಯಕ್ಕೆ ಆಗಬೇಕಾದುದು ಎರಡು ಭಾಷೆಗಳ 'ಸೇತುಬಂಧನ'ಗಳನ್ನು ಅಕ್ಕಪಕ್ಕದಲ್ಲಿಟ್ಟು ಪದಕ್ಕೆ ಪದ, ತಾಳಕ್ಕೆ ತಾಳ ಹೋಲಿಸಿ ಓದುವ ಕೆಲಸ. ಶಾಲೆಯಲ್ಲಿ ಮಲೆಯಾಳವನ್ನೂ ಮನೆಯಲ್ಲಿ ಕನ್ನಡವನ್ನೂ ಕಲಿತು, ರಾತ್ರಿ ತಾಳಮದ್ದಳೆಯ ಮುಂದೆ ಕುಳಿತು ಬೆಳೆದ ಮಕ್ಕಳು ನಮ್ಮ ಸಂಘದ ಮನೆಗಳಲ್ಲೇ ಇದ್ದಾರೆ.