ಬ್ರೂನೆಲ್ ಹೆಸರಿನ ಡಬ್ಬಿ

ಹೆಸರಾಂತ ಎಂಜಿನಿಯರ್ ಒಬ್ಬನ ನೆನಪಿಗೆಂದು ಜಿಯೋಕ್ಯಾಶ್, ಅಂದರೆ ಜಿಪಿಎಸ್ ನೆರವಿನಿಂದ ಇತರರು ಹುಡುಕಬೇಕಾದ ಡಬ್ಬಿ, ಬಚ್ಚಿಡುವ ಹಲವರು ಹಿಡಿಯುವುದು ಸುಲಭದ ದಾರಿ. ಹುಟ್ಟಿದ ಇಸವಿ, ತೀರಿಕೊಂಡ ಇಸವಿಯ ಅಂಕಿಗಳನ್ನು ಕೂಡಿ ಕಳೆದರೆ ಡಬ್ಬಿಯ ಅಕ್ಷಾಂಶ, ರೇಖಾಂಶ ಸಿಗುವ ಹಾಗೆ ಒಂದು ಲೆಕ್ಕ ಹೂಡುತ್ತಾರೆ. 1806, 1859 ಎಂಬ ಎರಡು ಸಂಖ್ಯೆ ತಿಳಿದರಾಯಿತು, ಇಸಂಬಾರ್ಡ್ ಕಿಂಗ್‌ಡಮ್ ಬ್ರೂನೆಲ್‌ಗೆ ನಮನ ಸಂದಂತೆ. ನನ್ನ ಮಟ್ಟಿಗೆ ಅದು ಬರೀ ಸಾಮಾನ್ಯಜ್ಞಾನದ ಪರೀಕ್ಷೆ. ಕಟ್ಟಿದವನ ಹೆಸರಿನ ಡಬ್ಬಿಗೆ ದಾರಿ ಆತ ಕಟ್ಟಿದ್ದರ ಮೂಲಕವೇ ಹೋಗಬೇಕು. ಕಲ್ಲು, ಕಬ್ಬಿಣ ನೋಡದೆ ಸುಳಿವು ಬಿಡಿಸಲಾಗಬಾರದು.

ಬ್ರಿಸ್ಟಲ್‌ನ ಬ್ರೂನೆಲ್ ವಿನ್ಯಾಸದ ಕ್ಲಿಫ್ಟನ್ ತೂಗುಸೇತುವೆಯನ್ನೇ ತೆಗೆದುಕೊಳ್ಳಿ. ಏವನ್ ನದಿಯ ಕಮರಿಯ ಮೇಲೆ ಗೋಪುರದಿಂದ ಗೋಪುರಕ್ಕೆ 214 ಮೀಟರ್. ದೂರದಿಂದ ಎರಡು ಗೋಪುರಗಳೂ ಒಂದೇ ಅಚ್ಚಿನವು. ಹತ್ತಿರ ಹೋದರೆ ಕ್ಲಿಫ್ಟನ್ ಕಡೆಯದರ ಪಕ್ಕದ ಗೋಡೆಗಳಲ್ಲಿ ತೆರಪುಗಳಿವೆ, ಎದುರಿನ ಲೀ ವುಡ್ಸ್ ಕಡೆಯದರಲ್ಲಿ ಇಲ್ಲ. ಒಂದಂಕಿಯ ಸುಳಿವಿಗೆ ಇಷ್ಟು ಸಾಕು. ಎರಡನ್ನೂ ಹೋಲಿಸದೆ ಉತ್ತರ ಹುಟ್ಟುವುದಿಲ್ಲ. ಇನ್ನೂ ಸೊಗಸಿನದು ಲೀ ವುಡ್ಸ್ ಗೋಪುರ ನಿಂತಿರುವ ಭಾರೀ ಬುಡ. ಒಳಗೆಲ್ಲ ಗಟ್ಟಿಯೆಂದೇ ಶತಮಾನಕ್ಕೂ ಮಿಕ್ಕಿ ನಂಬಿದ್ದರು. 2002ರಲ್ಲಿ ನೋಡಿದರೆ ಅದರೊಳಗೆ 12 ಕಮಾನು ಕೋಣೆಗಳು! ಬಚ್ಚಿಡುವುದನ್ನೇ ಹವ್ಯಾಸ ಮಾಡಿಕೊಂಡವರು ಇಂಥದ್ದನ್ನು ಬಿಟ್ಟು ಇಸವಿಗಳ ಬೆನ್ನು ಹತ್ತುವುದು ನನಗಂತೂ ಅರ್ಥವಾಗದು.

ಆ ಸೇತುವೆ ಪೂರ್ತಿ ಬ್ರೂನೆಲ್‌ನದಲ್ಲವಲ್ಲ ಎಂದು ತಕರಾರು ತೆಗೆಯಬಹುದು. ನಿಜ. 1831ರಲ್ಲಿ ಶುರುವಾದ ಕೆಲಸ 1843ರಲ್ಲಿ ಹಣವಿಲ್ಲದೆ ನಿಂತಿತು. ಆತ ತೀರಿಕೊಂಡ ಮೇಲೆ ಎಂಜಿನಿಯರುಗಳಾದ ಹಾಕ್‌ಶಾ ಮತ್ತು ಬಾರ್ಲೋ ವಿನ್ಯಾಸವನ್ನು ತಿದ್ದಿ, 1864ರಲ್ಲಿ ಮುಗಿಸಿದರು. ಸರಪಳಿಗಳು ಬಂದದ್ದು ಲಂಡನ್ನಿನ ಹಂಗರ್‌ಫರ್ಡ್ ಸೇತುವೆಯನ್ನು ಕೆಡವಿದಾಗ. ಅದು ಬ್ರೂನೆಲ್ ಕಟ್ಟಿದ್ದೇ. ಅದರ ಜಾಗದಲ್ಲಿ ರೈಲು ಸೇತುವೆ ಎಬ್ಬಿಸಿದ್ದು ಇದೇ ಹಾಕ್‌ಶಾ. ಇದರಿಂದ ನಮನಕ್ಕೇನೂ ಕುಂದಿಲ್ಲ. ಸರಪಳಿಯ ಊರು ಯಾವುದೆಂಬ ಪ್ರಶ್ನೆಯೇ ಎರಡನೆಯ ಸುಳಿವಾಗಲಿ. ಹುಡುಕುವವನು ಬ್ರೂನೆಲ್‌ನ ಜೊತೆಗೆ ಆತನ ಕೆಲಸವನ್ನು ದಡ ಸೇರಿಸಿದವರನ್ನೂ ಕಾಣುತ್ತಾನೆ.

ಭದ್ರತೆಯ ತಕರಾರು ಇದಕ್ಕಿಂತ ಗಟ್ಟಿಯದು. 2011ರಲ್ಲಿ ಇಂಗ್ಲೆಂಡಿನ ವೆದರ್ಬಿಯಲ್ಲಿ ಇಂಥದ್ದೊಂದು ಡಬ್ಬಿಯನ್ನು ಬಾಂಬೆಂದು ಶಂಕಿಸಿ ಸ್ಫೋಟಿಸಲಾಯಿತು. ಹಾಗಾಗಿ ಸೇತುವೆಗೆ ಏನನ್ನೂ ಅಂಟಿಸಕೂಡದು: ಸುಳಿವು ಅಲ್ಲಿ, ಡಬ್ಬಿ ಅನುಮತಿ ಪಡೆದ ಬೇರೆ ಜಾಗದಲ್ಲಿ. ಅಂತರ್ಜಾಲದ ಫೋಟೊ ನೋಡಿ ಮನೆಯಲ್ಲೇ ಬಿಡಿಸುವವರು ಇದ್ದೇ ಇರುತ್ತಾರಲ್ಲ ಎಂದರೆ, ಇರಲಿ. ಅವರೂ ಎರಡು ಗೋಪುರಗಳನ್ನು ಪಕ್ಕಪಕ್ಕ ಇಟ್ಟು ನೋಡಲೇಬೇಕು; ಇಸವಿ ಹುಡುಕುವವನು ಅಷ್ಟನ್ನೂ ನೋಡುವುದಿಲ್ಲ.