ಮರಳಿ ಓದಿದಾಗ

ಕಾದಂಬರಿಯನ್ನು ಒಂದೇ ಉಸುರಿಗೆ ಓದಿ ಮುಗಿಸುವುದನ್ನು ಹೆಮ್ಮೆಯೆಂದು ಬಗೆಯುವವರುಂಟು. ವಿದ್ಯಾರ್ಥಿದೆಸೆಯಲ್ಲಿ ನಾವೂ ಶಿವರಾಮ ಕಾರಂತರ (೧೯೦೨–೧೯೯೭) ‘ಮರಳಿ ಮಣ್ಣಿಗೆ’ಯನ್ನು ಹಾಗೆಯೇ ಓದಿದ್ದೆವು. ಆಗ ಕಂಡದ್ದು ರಾಮ ಐತಾಳ, ಲಚ್ಚ, ರಾಮ ಎಂಬ ಮೂರು ತಲೆಮಾರಿನ ಗಂಡಸರ ಕಥೆ ಮಾತ್ರ.

ಈಗ ನಿತ್ಯವೂ ಹತ್ತು ಪುಟಗಳಂತೆ ಓದುವಾಗ ಕಣ್ಣೆದುರು ನಿಲ್ಲುವವರು ಪಾರೋತಿ, ಸರಸೋತಿ, ನಾಗವೇಣಿಯರು. ಗದ್ದೆಯ ಕೆಸರು, ಮನೆಯ ಹೊರೆ, ಗಂಡಸರ ಅವಿವೇಕ ಎಲ್ಲವನ್ನೂ ಹೊತ್ತವರು ಅವರೇ. ಮಣ್ಣಿಗೆ ಮರಳಿದವನು ರಾಮ. ಆ ಮಣ್ಣಿನ ನಂಟನ್ನು ಬಿಡದೆ ಕಾದವರು ಈ ಹೆಂಗಸರು. ಕಾರಂತರು ಇದನ್ನು ಎತ್ತಿ ಸಾರುವುದಿಲ್ಲ. ದಿನದಿನದ ದುಡಿಮೆಯನ್ನು ಬಣ್ಣಿಸುತ್ತ ಹೋಗುತ್ತಾರೆ. ಆದುದರಿಂದಲೇ ಅವಸರದ ಓದುಗನಿಗೆ ಅದು ದಕ್ಕದು.

ಪೂರ್ವಾಶ್ರಮದ ಹೆತ್ತತಾಯಿಯ ದುಡಿಮೆಯನ್ನೂ ಹೀಗೆಯೇ ಕಾಣದೆ ಹೋದೆವಲ್ಲ ಎಂಬ ಅಳಲು ಈ ಓದಿನಿಂದ ನಮ್ಮಲ್ಲಿ ಹುಟ್ಟಿತು. ನೀವಾದರೂ ನಿಧಾನವಾಗಿ ಓದಿರಿ.